ಶ್ರಾವಕ ಗೃಹದಲ್ಲಿ ಸರಳ ಅಡುಗೆ

ಜೈನ ಗೃಹಸ್ಥರ ನಿತ್ಯಜೀವನದಲ್ಲಿ ಆಹಾರದ ಬಗ್ಗೆ ನಡೆದಿರುವಷ್ಟು ವಿಚಾರ ಬೇರೆ ಯಾವ ವಿಷಯದಲ್ಲಿಯೂ ನಡೆದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಯಾವುದನ್ನು ಉಣ್ಣಬೇಕು, ಯಾವ ಹೊತ್ತಿನಲ್ಲಿ ಉಣ್ಣಬೇಕು, ನೀರನ್ನು ಹೇಗೆ ಸೋಸಬೇಕು, ಹಿಟ್ಟನ್ನು ಎಷ್ಟು ದಿನ ಇಡಬಹುದು ಎಂಬುದೆಲ್ಲವೂ ಶ್ರಾವಕಾಚಾರ ಗ್ರಂಥಗಳಲ್ಲಿಯೂ ಹಿರಿಯರ ಪರಂಪರೆಯಲ್ಲಿಯೂ ವಿವರವಾಗಿ ಬಂದಿದೆ. ಆದರೆ ಇಂದಿನ ಮನೆಗಳನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಈರುಳ್ಳಿ ಬೆಳ್ಳುಳ್ಳಿಯನ್ನು ಮನೆಯೊಳಗೆ ಬರಗೊಡದ ಕುಟುಂಬದಲ್ಲಿಯೇ ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಕೂಡುತ್ತಾರೆ. ಪದಾರ್ಥದ ನಿಯಮ ಉಳಿದಿದೆ, ಹೊತ್ತಿನ ನಿಯಮ ಸಡಿಲವಾಗಿದೆ.

ಇದಕ್ಕೆ ಅಂಗಡಿಯ ವೇಳೆಯನ್ನು ಕಾರಣವೆಂದು ಹೇಳುವುದು ರೂಢಿ. ಅದು ಅರ್ಧ ಸತ್ಯ. ಇನ್ನರ್ಧ ಕಾರಣ ಅಡುಗೆಮನೆಯಲ್ಲಿದೆ. ಸಂಜೆಗೆ ನಾಲ್ಕು ಬಗೆ ಮಾಡಬೇಕೆಂದರೆ, ಅದರಲ್ಲಿಯೂ ಪೇಟೆಯ ಪಾವ್‌ಭಾಜಿ, ಪಿಜ್ಜಾ, ನೂಡಲ್ಸ್‌ಗಳನ್ನು ಆಲೂಗಡ್ಡೆ ಈರುಳ್ಳಿ ಇಲ್ಲದೆ ‘ಜೈನ ಪದ್ಧತಿ’ಯಲ್ಲಿ ಮಾಡಿಕೊಡಬೇಕೆಂದರೆ, ಒಲೆಯ ಮುಂದೆ ನಿಂತ ತಾಯಂದಿರಿಗೆ ಸೂರ್ಯಾಸ್ತದೊಳಗೆ ಮುಗಿಸುವುದು ಹೇಗೆ ಸಾಧ್ಯ? ಹೊತ್ತಿನ ನಿಯಮ ಉಳಿಯಬೇಕಾದರೆ ಅಡುಗೆ ಸರಳವಾಗಬೇಕು. ಸರಳ ಅಡುಗೆಯನ್ನು ಹುಡುಕಿಕೊಂಡು ಈ ಸೀಮೆಯವರು ದೂರ ಹೋಗಬೇಕಾಗಿಯೂ ಇಲ್ಲ.

ನಾರಾಯಣಪೇಟೆ, ಮಕ್ತಲ್, ಗದ್ವಾಲ್, ಶಾಂತಿನಗರಗಳ ಈ ಭಾಗ ಕೃಷ್ಣಾ ನದಿಯ ಆಸುಪಾಸಿನ ಜೋಳ, ತೊಗರಿ, ಶೇಂಗಾಗಳ ನಾಡು. ಜೂರಾಲಾ ಯೋಜನೆಯ ಕಾಲುವೆ ನೀರು ಬಂದ ಮೇಲೆ ಭತ್ತ ಹೆಚ್ಚಿ, ಅನ್ನವೇ ಮುಖ್ಯವಾಗಿದೆ. ಆದರೂ ಜೋಳದ ರೊಟ್ಟಿಯ ರುಚಿಯನ್ನು ಈ ಕಡೆಯವರು ಮರೆತಿಲ್ಲ. ತೊಗರಿಯ ವಿಷಯದಲ್ಲಂತೂ ಇದು ಭಾಗ್ಯವಂತ ಸೀಮೆ. ಒಂದು ಮಗ್ಗುಲಿಗೆ ಕಲಬುರಗಿ, ಇನ್ನೊಂದು ಮಗ್ಗುಲಿಗೆ ತಾಂಡೂರು. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ, ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ದೂರದೂರಿನವರು ಹೆಸರು ಕೇಳಿ ತರಿಸಿಕೊಳ್ಳುವ ಬೇಳೆ ಇಲ್ಲಿಯವರಿಗೆ ಮನೆಬಾಗಿಲಲ್ಲಿಯೇ ಸಿಗುತ್ತದೆ.

ಇಲ್ಲಿಯ ಜೈನ ಕುಟುಂಬಗಳಲ್ಲಿ ಮನೆಮಾತು ಒಂದೇ ಅಲ್ಲ. ಮಾರವಾಡಿ, ಗುಜರಾತಿ, ಮರಾಠಿ, ಕನ್ನಡ, ತೆಲುಗು ಎಲ್ಲವೂ ಉಂಟು. ಆದರೆ ದಿನಸಿ ಒಂದೇ. ಕನ್ನಡದ ಜೋಳ ತೆಲುಗಿನಲ್ಲಿ ಜೊನ್ನ, ಮರಾಠಿಯಲ್ಲಿ ಜ್ವಾರಿ, ಹಿಂದಿಯಲ್ಲಿ ಜ್ವಾರ್. ತೊಗರಿ ತೆಲುಗರಿಗೆ ಕಂದಿ, ಮರಾಠಿಗರಿಗೆ ತೂರ್, ಗುಜರಾತಿಗಳಿಗೆ ತುವೇರ್. ಪುಂಡಿಪಲ್ಯದ ಸೊಪ್ಪು ತೆಲುಗಿನಲ್ಲಿ ಗೋಂಗೂರ, ಮರಾಠಿಯಲ್ಲಿ ಅಂಬಾಡಿ. ಸೊಸೆ ಬೇರೆ ಭಾಷೆಯ ಊರಿನಿಂದ ಬಂದಾಗ ಮೊದಲ ತಿಂಗಳು ತೊಂದರೆಯಾಗುವುದು ಈ ಹೆಸರುಗಳಿಂದಲೇ ಹೊರತು ರುಚಿಯಿಂದಲ್ಲ.

ಸಸ್ಯಾಹಾರದ ಅಡುಗೆಯನ್ನು ಶಾಸ್ತ್ರವಾಗಿ ಬರೆದಿಡುವುದರಲ್ಲಿ ಕನ್ನಡಕ್ಕೆ ಹಳೆಯ ಹೆಸರಿದೆ. ಚಾಲುಕ್ಯ ದೊರೆ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆಗೇ ಒಂದು ಅಧ್ಯಾಯ ಮೀಸಲಾಗಿದೆ. ಐದುನೂರು ವರ್ಷಗಳ ಹಿಂದೆ ಇದ್ದ ಜೈನ ಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಬರೆದು, ಹಿಟ್ಟಿನ ಪದಾರ್ಥ, ಪಾನಕ, ಅನ್ನ, ತರಕಾರಿ ಎಂದು ವಿಭಾಗಿಸಿ ವಿವರಿಸಿದ್ದಾನೆ. ಅವನ ಕಾಲದ ಅಡುಗೆಮನೆಯಲ್ಲಿ ಆಲೂಗಡ್ಡೆಯಾಗಲಿ, ಮೆಣಸಿನಕಾಯಿಯಾಗಲಿ, ಟೊಮೇಟೊ ಆಗಲಿ ಇರಲಿಲ್ಲ. ಇವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿಯೂ ಆಮೇಲೆಯೂ ಬಂದವು. ಆಲೂಗಡ್ಡೆ ಇಲ್ಲದೆ ಮಕ್ಕಳಿಗೆ ಏನು ಮಾಡಿಕೊಡುವುದೆಂದು ಚಿಂತಿಸುವವರು ಇದನ್ನು ನೆನೆಯಬೇಕು.

ಶೇಂಗಾ ಕೂಡ ಹಾಗೆಯೇ ಹೊರಗಿನಿಂದ ಬಂದದ್ದು. ಅದರ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಯೊಂದುಂಟು: ನೆಲದೊಳಗೆ ಬೆಳೆಯುವ ಗಡ್ಡೆ ನಿಷಿದ್ಧವಾದರೆ ನೆಲಗಡಲೆ ಹೇಗೆ ಸಮ್ಮತ? ಶೇಂಗಾ ಬೇರೂ ಅಲ್ಲ, ಗಡ್ಡೆಯೂ ಅಲ್ಲ. ಹೂವು ನೆಲದ ಮೇಲೆಯೇ ಅರಳುತ್ತದೆ. ಕಾಯಿಕಟ್ಟುವ ಹೊತ್ತಿಗೆ ಅದರ ತೊಟ್ಟು ಬಾಗಿ ಮಣ್ಣಿನೊಳಗೆ ಇಳಿದು ಅಲ್ಲಿ ಕಾಯಾಗುತ್ತದೆ. ಅದು ತೊಗರಿ, ಹೆಸರುಗಳಂತೆ ಕಾಯಿಯೊಳಗಿನ ಬೀಜ. ಆಲೂಗಡ್ಡೆ, ಗಜ್ಜರಿ, ಮೂಲಂಗಿ, ಗೆಣಸು, ಈರುಳ್ಳಿ, ಬೆಳ್ಳುಳ್ಳಿಗಳು ಅನಂತಕಾಯವೆಂದು ವರ್ಜ್ಯವಾದವು. ಹಸಿ ಶುಂಠಿ, ಹಸಿ ಅರಿಶಿನಗಳೂ ಆ ಗುಂಪಿನವೇ. ಒಣಗಿದ ಶುಂಠಿ, ಅರಿಶಿನದ ಪುಡಿಗಳನ್ನು ಹೆಚ್ಚಿನ ಮನೆಗಳಲ್ಲಿ ಬಳಸುತ್ತಾರೆ. ಸಾಬೂದಾಣಿಯನ್ನು ಮರಗೆಣಸಿನಿಂದ ಮಾಡುವುದರಿಂದ ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ; ಅದು ಮನೆಯ ಹಿರಿಯರ ನಿರ್ಣಯಕ್ಕೆ ಸೇರಿದ್ದು.

ಈಗ ಜೋಳದ ರೊಟ್ಟಿಯ ವಿಷಯಕ್ಕೆ ಬರೋಣ. ಗೋಧಿಹಿಟ್ಟಿನಲ್ಲಿರುವ ಜಿಗುಟು ಜೋಳದ ಹಿಟ್ಟಿನಲ್ಲಿಲ್ಲ. ಆದುದರಿಂದ ಕುದಿಯುವ ನೀರನ್ನು ಹಿಟ್ಟಿನ ನಡುವೆ ಹೊಯ್ದು, ಸ್ವಲ್ಪ ಹೊತ್ತು ಬಿಟ್ಟು, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಬಿಸಿನೀರಿನಿಂದ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬರುತ್ತದೆ. ರೊಟ್ಟಿ ಬಡಿಯುವಾಗ ಅಂಚು ಸೀಳುವುದಿಲ್ಲ. ಹಿಟ್ಟು ಹಳೆಯದಾದರೆ ಎಂಥ ಪಳಗಿದ ಕೈಯಲ್ಲಿಯೂ ರೊಟ್ಟಿ ಒಡೆಯುತ್ತದೆ. ದಿಗಂಬರ ಪರಂಪರೆಯಲ್ಲಿ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ ಹೇಳಿದೆ. ಜೀವೋತ್ಪತ್ತಿಯ ದೃಷ್ಟಿಯಿಂದ ಹೇಳಿದ ಈ ಮಾತು ರೊಟ್ಟಿ ಬಡಿಯುವವರ ಅನುಭವಕ್ಕೂ ಸರಿಹೊಂದುತ್ತದೆ. ತಿಂಗಳಿಗೊಮ್ಮೆ ಹತ್ತು ಕಿಲೋ ಬೀಸಿಸಿ ತರುವ ಬದಲು ವಾರಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೆರಡು ಸಲ, ಎರಡು ಕಿಲೋ ಬೀಸಿಸುವುದು ಮೇಲು. ಗಿರಣಿಯವನು ಬೇಸರಪಟ್ಟರೆ ನಾಲ್ಕು ಮನೆಯವರು ಸೇರಿ ಸರದಿಯಲ್ಲಿ ಬೀಸಿಸಬಹುದು.

ಖಡಕ್ ರೊಟ್ಟಿಯ ಪ್ರಶ್ನೆ ಬೇರೆ. ಇದು ಒಂದು ಹನಿ ತೇವವೂ ಉಳಿಯದಂತೆ ಒಣಗಿಸಿದ್ದು. ಗುಜರಾತಿ, ಮಾರವಾಡಿ ಮನೆಗಳ ಖಾಖರಾದ ಸೋದರನೆನ್ನಬಹುದು. ಶ್ವೇತಾಂಬರ ಪರಂಪರೆಯಲ್ಲಿ ಖಾಖರಾದಂತಹ ಒಣ ತಿನಿಸಿಗೆ ಮಳೆಗಾಲದಲ್ಲಿ 15, ಬೇಸಿಗೆಯಲ್ಲಿ 20, ಚಳಿಗಾಲದಲ್ಲಿ 30 ದಿನಗಳ ಅವಧಿ ಉಂಟು. ಮೆತ್ತಗಿನ ರೊಟ್ಟಿಗೆ ಈ ರಿಯಾಯಿತಿ ಇಲ್ಲ, ಅದು ಅಂದಿನದು ಅಂದಿಗೇ.

ರೊಟ್ಟಿಯ ಜೊತೆಗೆ ಬೇಳೆ ಇರಲೇಬೇಕು. ಇದು ರುಚಿಗಾಗಿ ಮಾತ್ರ ಹೇಳಿದ್ದಲ್ಲ. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು, ಡಾ. ಸಿ. ಗೋಪಾಲನ್ ಅವರ ನೇತೃತ್ವದಲ್ಲಿ, ದಖ್ಖನ್ನಿನ ಬಡ ಕೂಲಿಕಾರರಲ್ಲಿ ಕಾಣುತ್ತಿದ್ದ ಪೆಲಾಗ್ರ ಎಂಬ ಚರ್ಮರೋಗವನ್ನು ಅಭ್ಯಾಸ ಮಾಡಿದರು. ಹೆಚ್ಚುಕಡಿಮೆ ಜೋಳವೊಂದನ್ನೇ ತಿಂದು ಬದುಕುವವರಲ್ಲಿ ಆ ರೋಗ ಕಾಣುತ್ತಿತ್ತು. ಜೋಳ ಒಳ್ಳೆಯ ಧಾನ್ಯವೇ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ಅಂತಾರಾಷ್ಟ್ರೀಯ ವರ್ಷವೆಂದು ಆಚರಿಸಿದಾಗ ಜೋಳಕ್ಕೂ ಗೌರವ ಸಂದಿತು. ಆದರೆ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ತೊಗರಿ, ಹೆಸರು, ಕಡಲೆಗಳಲ್ಲಿ ಅದು ಧಾರಾಳ. ಎರಡೂ ಒಂದೇ ತಟ್ಟೆಗೆ ಬಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಲು, ಮೊಸರು ಸೇರಿದರೆ ಧಾನ್ಯ ಬೇಳೆಗಳಲ್ಲಿ ಸಿಗದ ಬಿ-12 ಜೀವಸತ್ವವೂ ದೊರೆಯುತ್ತದೆ. ತೂಕ ಇಳಿಸಬೇಕೆಂದು ಬೇಳೆಯನ್ನು ಬಿಟ್ಟು ಬರೀ ರೊಟ್ಟಿ ಚಟ್ನಿ ತಿನ್ನುವವರು ಇದನ್ನು ಗಮನಿಸಬೇಕು.

ನಾಲ್ಕು ಜನರ ಮನೆಗೆ ಸೋರೆಕಾಯಿ ಪಪ್ಪು ಮಾಡುವ ಕ್ರಮ ಹೀಗೆ. ಒಂದು ಲೋಟ ತೊಗರಿಬೇಳೆ, ಅಂದರೆ ಸುಮಾರು 150 ಗ್ರಾಂ, ತೊಳೆದು ಅರ್ಧ ಗಂಟೆ ನೆನೆಸಬೇಕು. ಕಾಲು ಕಿಲೋ ಎಳೆಯ ಸೋರೆಕಾಯಿ ಹೋಳು, ಚಿಟಿಕೆ ಅರಿಶಿನ, ಎರಡು ಹಸಿಮೆಣಸಿನಕಾಯಿ, ಮೂರು ಲೋಟ ನೀರು ಸೇರಿಸಿ ಕುಕ್ಕರಿನಲ್ಲಿ ಬೇಯಿಸಬೇಕು. ಇಳಿಸಿ, ಕಡೆದು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು ಹಾಕಿ ಒಂದು ಕುದಿ ಬರಿಸಬೇಕು. ಎರಡು ಚಮಚ ತುಪ್ಪದಲ್ಲಿ ಸಾಸಿವೆ, ಜೀರಿಗೆ, ಎರಡು ಒಣಮೆಣಸಿನಕಾಯಿ, ಕರಿಬೇವು, ಕೊನೆಗೆ ಇಂಗು. ಇಂಗು ತುಪ್ಪದಲ್ಲಿ ಅರಳಿದರೆ ಮಾತ್ರ ಪರಿಮಳ ಕೊಡುತ್ತದೆ, ಸಾರಿನ ಮೇಲೆ ಉದುರಿಸಿದರೆ ಕಹಿ. ಸೋರೆಕಾಯಿಯ ಬದಲು ಹೀರೇಕಾಯಿ, ಬಾಳೆಕಾಯಿ, ನುಗ್ಗೆಕಾಯಿ, ಮಾವಿನಕಾಯಿ ಯಾವುದಾದರೂ ಆದೀತು. ಮಾವಿನಕಾಯಿ ಹಾಕಿದ ದಿನ ಹುಣಸೆ ಬೇಡ.

ಇಂಗಿನ ವಿಷಯದಲ್ಲಿ ಎರಡು ಮಾತು ಹೇಳಬೇಕು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರ ಅಡುಗೆಗೆ ಜೀವಾಳವಾದ ಈ ವಸ್ತು ಬಹುಕಾಲದಿಂದ ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುತ್ತಿದೆ. ಭಾರತದಲ್ಲಿ ಬೆಳೆಯುವ ಪ್ರಯತ್ನವಾಗಿ 2020ರ ಅಕ್ಟೋಬರ್‌ನಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಮೊದಲ ಸಸಿಯನ್ನು ನೆಟ್ಟರು. ಡಬ್ಬಿಯಲ್ಲಿ ಸಿಗುವ ಇಂಗು ಶುದ್ಧ ಇಂಗಲ್ಲ. ಮೈದಾ ಅಥವಾ ಅಕ್ಕಿಹಿಟ್ಟು, ಗೋಂದು ಬೆರೆಸಿದ ಬಂಧಾನಿ ಹಿಂಗ್. ಆಯಂಬಿಲ್, ಏಕಾಶನದಂತಹ ತಪಸ್ಸು ಮಾಡುವವರು ಡಬ್ಬಿಯ ಹಿಂಭಾಗವನ್ನು ಓದಿ ಕೊಳ್ಳುವುದು ಕ್ಷೇಮ.

ಪುಂಡಿಪಲ್ಯವನ್ನು ಬೆಳ್ಳುಳ್ಳಿ ಇಲ್ಲದೆ ಮಾಡಲಾಗದೆಂಬ ಭ್ರಮೆ ಅನೇಕರಿಗಿದೆ. ಎರಡು ಕಟ್ಟು ಪುಂಡಿಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ಸೋಸಿದ ನೀರಿನಲ್ಲಿ ತೊಳೆಯಬೇಕು. ಅರ್ಧ ಲೋಟ ತೊಗರಿಬೇಳೆ, ಎರಡು ಚಮಚ ಜೋಳದ ನುಚ್ಚು, ಒಂದು ಹಿಡಿ ಶೇಂಗಾ, ಐದಾರು ಹಸಿಮೆಣಸಿನಕಾಯಿ ಜೊತೆಗೆ ಬೇಯಿಸಿ ಮಸೆಯಬೇಕು. ಒಗ್ಗರಣೆಗೆ ಶೇಂಗಾ ಎಣ್ಣೆ, ಸಾಸಿವೆ, ಕಾಲು ಚಮಚ ಮೆಂತ್ಯ, ಇಂಗು. ಮೆಂತ್ಯ ಕೆಂಪಗಾಗುವ ತನಕ ಕಾಯಬೇಕು. ಬೆಳ್ಳುಳ್ಳಿಯ ಜಾಗವನ್ನು ತುಂಬುವುದು ಅದೇ. ಶೇಂಗಾ ಹಿಂಡಿಯೂ ಹೀಗೆಯೇ. ಹುರಿದು ಸಿಪ್ಪೆ ತೆಗೆದ ಕಾಲು ಕಿಲೋ ಶೇಂಗಾ, ಎರಡು ಚಮಚ ಖಾರದಪುಡಿ, ಒಂದು ಚಮಚ ಜೀರಿಗೆ, ಉಪ್ಪು, ಚಿಟಿಕೆ ಇಂಗು ಹಾಕಿ ಎಣ್ಣೆ ಬಿಡುವ ತನಕ ಕುಟ್ಟಬೇಕು. ಮಿಕ್ಸರಿನಲ್ಲಿ ಆಗುತ್ತದೆ, ಒರಳಿನ ರುಚಿ ಬರುವುದಿಲ್ಲ.

ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರಿಗೂ, ಅಷ್ಟಮಿ ಚತುರ್ದಶಿಗಳಂದು ಹಸಿರು ತರಕಾರಿಯನ್ನೇ ಬಿಡುವವರಿಗೂ ಬೇಳೆಕಾಳುಗಳೇ ಆಸರೆ. ಮಾರವಾಡಿ ಮನೆಗಳ ಗಟ್ಟೆಯ ಸಾರು, ಹಪ್ಪಳದ ಪಲ್ಯ, ಹೆಸರುಬೇಳೆಯ ತೊವ್ವೆ ಇವೆಲ್ಲ ಇಂಥ ದಿನಗಳಿಗಾಗಿಯೇ ಹುಟ್ಟಿದಂತಿವೆ. ಮಳೆ ಕಡಿಮೆಯಾದ ನಾಡಿನವರು ತರಕಾರಿ ಇಲ್ಲದೆ ಊಟ ಮಾಡುವ ವಿದ್ಯೆಯನ್ನು ಚೆನ್ನಾಗಿ ಬಲ್ಲರು. ತೆಲುಗು ಕನ್ನಡದ ಮನೆಗಳು ಅವರಿಂದ ಗಟ್ಟೆಯನ್ನು ಕಲಿಯಬೇಕು. ಅದಕ್ಕೆ ಬದಲಾಗಿ ಅವರು ತೆಲುಗರ ಪೆಸರಟ್ಟನ್ನು ಕಲಿಯಬಹುದು. ಇಡ್ಲಿ ದೋಸೆಯ ಹಿಟ್ಟು ರಾತ್ರಿಯಿಡೀ ಹುಳಿಯಬೇಕಾದುದರಿಂದ ನಿಷ್ಠಾವಂತರು ಬಿಡುತ್ತಾರೆ. ಪೆಸರಟ್ಟಿಗೆ ಹುಳಿಯುವ ಅಗತ್ಯವೇ ಇಲ್ಲ. ಹೆಸರುಕಾಳನ್ನು ಬೆಳಗ್ಗೆ ನಾಲ್ಕೈದು ಗಂಟೆ ನೆನೆಸಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪಿನೊಡನೆ ರುಬ್ಬಿ ಆಗಲೇ ಹೊಯ್ಯಬಹುದು.

ಬೇಳೆ ಮತ್ತು ಮೊಸರಿನ ಕೂಟದಲ್ಲಿ ಮಾತ್ರ ಎಚ್ಚರ ಬೇಕು. ದ್ವಿದಳ ಧಾನ್ಯವನ್ನು ಕಾಯಿಸದ ಮೊಸರು, ಮಜ್ಜಿಗೆಯೊಡನೆ ಸೇರಿಸಬಾರದೆಂಬ ನಿಯಮವನ್ನು ಶ್ವೇತಾಂಬರ ಕುಟುಂಬಗಳು ಕಟ್ಟುನಿಟ್ಟಾಗಿ ಪಾಲಿಸುತ್ತವೆ. ಕಢಿ ಮಾಡುವಾಗ ಅವರು ಮೊದಲು ಮಜ್ಜಿಗೆಯನ್ನು ಚೆನ್ನಾಗಿ ಕಾಯಿಸಿ ಆಮೇಲೆ ಕಡಲೆಹಿಟ್ಟು ಸೇರಿಸುತ್ತಾರೆ. ಹಿಂಡಿದರೆ ಎಣ್ಣೆ ಬಿಡುವ ಶೇಂಗಾವನ್ನು ಅವರ ಪರಂಪರೆಯಲ್ಲಿ ದ್ವಿದಳವೆಂದು ಎಣಿಸುವುದಿಲ್ಲ. ಹಾಗಾಗಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಈ ಮೂರನ್ನು ಅವರೂ ನಿಶ್ಚಿಂತೆಯಿಂದ ಉಣ್ಣಬಹುದು. ಪಪ್ಪು ಅನ್ನ ಉಂಡವರು ಕೈ, ಬಾಯಿ, ತಟ್ಟೆ ತೊಳೆದುಕೊಂಡು ಮಜ್ಜಿಗೆಯನ್ನು ಬೇರೆಯಾಗಿ ಕುಡಿಯುವ ಪದ್ಧತಿ ಇದೆ. ಬೇರೆ ಪಂಥದ ಬಂಧುಗಳನ್ನು ಊಟಕ್ಕೆ ಕರೆದವರು ಇದನ್ನು ಮೊದಲೇ ತಿಳಿದಿದ್ದರೆ ಬಡಿಸುವಾಗ ಮುಜುಗರವಿಲ್ಲ.

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಸಮಾಧಾನಪಡುವವರಿಗೂ ಒಂದು ಸೂಚನೆ. ಆ ಗುರುತು ಮಾಂಸ, ಮೊಟ್ಟೆ ಇಲ್ಲವೆಂದು ಹೇಳುತ್ತದೆಯೇ ಹೊರತು ಈರುಳ್ಳಿ ಬೆಳ್ಳುಳ್ಳಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸರ್ಕಾರದ ನಿಯಮದಲ್ಲಿ ಜೇನುತುಪ್ಪ, ಜೇನುಮೇಣ, ಅರಗು ಇವು ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿವೆ. ಮಧುತ್ಯಾಗವು ಶ್ರಾವಕರ ಮೂಲಗುಣಗಳಲ್ಲಿ ಒಂದಾದುದರಿಂದ, ಸಣ್ಣ ಅಕ್ಷರದ ಪಟ್ಟಿಯನ್ನು ಪೂರ್ತಿ ಓದದೆ ಬಿಸ್ಕತ್ತು, ಮಿಠಾಯಿ ತರಬಾರದು. ಓದಲು ಪುರುಸೊತ್ತಿಲ್ಲದವರಿಗೆ ಮನೆಯ ಶೇಂಗಾ ಚಿಕ್ಕಿ ಇದ್ದೇ ಇದೆ.

ದಿನಸಿಯನ್ನು ಕಾಯ್ದಿಡುವುದು ಅಡುಗೆಯಷ್ಟೇ ಮುಖ್ಯ. ವರ್ಷದ ಬೇಳೆಯನ್ನು ಅಗ್ಗದ ದಿನಗಳಲ್ಲಿ ಒಮ್ಮೆಗೇ ತುಂಬಿಡುವುದು ಲೆಕ್ಕಕ್ಕೆ ಲಾಭವೇ. ಆದರೆ ಮಳೆಗಾಲದಲ್ಲಿ ಹುಳು ಬಿದ್ದರೆ ಆ ಲಾಭಕ್ಕೆ ಅರ್ಥವಿಲ್ಲ. ಆಷಾಢಕ್ಕೆ ಮುನ್ನ ಎರಡು ದಿನ ಬಿಸಿಲಿಗೆ ಹಾಕಿ, ಆರಿದ ಮೇಲೆ ಕಿಲೋಗೆ ಒಂದು ಚಮಚದಷ್ಟು ಹರಳೆಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ಒಣಗಿದ ಬೇವಿನ ಎಲೆಯೊಡನೆ ಇಟ್ಟರೆ ಜೀವ ಹುಟ್ಟಲು ಆಸ್ಪದ ಕಡಿಮೆ. ಗೋದಾಮಿನಲ್ಲಿ ಧಾನ್ಯಕ್ಕೆ ಇಡುವ ವಿಷದ ಗುಳಿಗೆಯನ್ನು ಮನೆಗೆ ತರಲೇಬಾರದು. ಅದು ಬಿಡುವ ಅನಿಲ ಹುಳುವನ್ನಷ್ಟೇ ಅಲ್ಲ, ಮುಚ್ಚಿದ ಕೋಣೆಯಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲಬಲ್ಲದು.

ಇನ್ನು ಹೊತ್ತಿನ ಲೆಕ್ಕ. ಈ ಸೀಮೆಯಲ್ಲಿ ನವೆಂಬರ್ ಕೊನೆಯಲ್ಲಿ ಸೂರ್ಯಾಸ್ತ ಐದೂ ಮುಕ್ಕಾಲರ ಸುಮಾರಿಗೆ; ಜುಲೈ ಆರಂಭದಲ್ಲಿ ಏಳಕ್ಕೆ ಸ್ವಲ್ಪ ಮೊದಲು. ಎರಡು ಘಳಿಗೆ, ಅಂದರೆ 48 ನಿಮಿಷ ಮುಂಚೆ ಮುಗಿಸುವವರಿಗೆ ಚಳಿಗಾಲದಲ್ಲಿ ಐದು ಗಂಟೆಯೇ ಗಡಿ. ಮಕ್ಕಳು ಶಾಲೆಯಿಂದ ಬರುವುದು ನಾಲ್ಕೂವರೆಗೆ. ಆದುದರಿಂದ ದೊಡ್ಡ ಅಡುಗೆ ಮಧ್ಯಾಹ್ನಕ್ಕೆ, ಸಂಜೆಗೆ ಚಿಕ್ಕದು ಎಂಬ ಕ್ರಮವೇ ನಡೆಯುವಂಥದ್ದು. ನಾಲ್ಕಕ್ಕೆ ಕುಕ್ಕರ್ ಒಲೆಯ ಮೇಲೇರಿದರೆ ಬೇಳೆ ಬೇಯುವಷ್ಟರಲ್ಲಿ ನಾಲ್ಕು ಜನರಿಗೆ ಎಂಟು ರೊಟ್ಟಿ ಆಗುತ್ತವೆ. ಹಿಂಡಿ ಡಬ್ಬಿಯಲ್ಲಿದೆ, ಮೊಸರು ಹೆಪ್ಪಾಗಿದೆ. ನಾಲ್ಕು ಮುಕ್ಕಾಲಿಗೆ ತಟ್ಟೆ ಹಾಕಬಹುದು. ಸಂತೆಯ ದಿನ ಅಂಗಡಿ ಬಿಡಲಾಗದವರಿಗೆ ಮನೆಯಿಂದ ಡಬ್ಬಿ ಹೋಗಲಿ. ತಂದೆ ಗಲ್ಲೆಯಲ್ಲಿ ಕುಳಿತಾಗ ಮಗ, ಮಗ ಕುಳಿತಾಗ ತಂದೆ ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಉಂಡು ಬರಲಿ. ಹತ್ತು ನಿಮಿಷಕ್ಕೆ ಗಿರಾಕಿ ಬೇರೆ ಅಂಗಡಿಗೆ ಹೋಗುವುದಿಲ್ಲ. ಹೋದರೂ ನಾಳೆ ಬರುತ್ತಾನೆ. ಗಂಡಸರು ಒಂಬತ್ತಕ್ಕೆ ಬಂದು ಬಿಸಿ ರೊಟ್ಟಿ ಕೇಳುವ ಮನೆಯಲ್ಲಿ ಹೆಂಗಸರ ವ್ರತ ನಿಲ್ಲುವುದು ಕಷ್ಟ. ಅವರು ತಾವು ಉಂಡು ಮುಗಿಸಿದ್ದರೂ ಒಲೆ ಆರಿಸುವಂತಿಲ್ಲ.

ಹೈದರಾಬಾದಿಗೆ ಓದಲು, ಕೆಲಸಕ್ಕೆ ಹೋಗುವ ಮಕ್ಕಳ ವಿಷಯ ಉಳಿಯಿತು. ಮನೆಯ ನಿಯಮ ಕೈತಪ್ಪುವುದು ಸಾಮಾನ್ಯವಾಗಿ ಅಲ್ಲಿಯೇ. ಹಾಸ್ಟೆಲಿನ ಸಾರಿನಲ್ಲಿ ಈರುಳ್ಳಿ ತಪ್ಪದು, ಹೋಟೆಲಿನ ಊಟ ಎಂಟರ ಮೇಲೆ. ಗಂಡುಮಕ್ಕಳಿಗೆ ಅಡುಗೆ ಕಲಿಸದೆ ಕಳಿಸಿ, ಆಮೇಲೆ ವ್ರತ ಬಿಟ್ಟನೆಂದು ನೊಂದುಕೊಂಡರೆ ತಪ್ಪು ಯಾರದು? ಹೊರಡುವ ಬೇಸಿಗೆಯಲ್ಲಿ ಹದಿನೈದು ದಿನ ತಾಯಿಯೊಡನೆ ಒಲೆಯ ಮುಂದೆ ನಿಂತರೆ ಮೂರು ಅಡುಗೆ ಬರುತ್ತವೆ. ಪೆಟ್ಟಿಗೆಯಲ್ಲಿ ಒಂದು ಚಿಕ್ಕ ವಿದ್ಯುತ್ ಕುಕ್ಕರ್, ನೀರು ಸೋಸುವ ಎರಡು ಮಡಿಕೆಯ ದಪ್ಪ ಬಟ್ಟೆ, ಹಿಂಡಿಯ ಡಬ್ಬಿ, ಖಾಖರಾ ಅಥವಾ ಖಡಕ್ ರೊಟ್ಟಿ ಇರಲಿ. ಒಬ್ಬನ ಖಿಚಡಿಗೆ ಅರ್ಧ ಲೋಟ ಅಕ್ಕಿ, ಕಾಲು ಲೋಟ ಹೆಸರುಬೇಳೆ, ಎರಡೂವರೆ ಲೋಟ ನೀರು, ಚಿಟಿಕೆ ಅರಿಶಿನ, ಉಪ್ಪು, ನಾಲ್ಕು ಕಾಳುಮೆಣಸು. ನಾಲ್ಕೂವರೆಗೆ ಗುಂಡಿ ಒತ್ತಿದರೆ ಐದರ ಹೊತ್ತಿಗೆ ಬೆಂದಿರುತ್ತದೆ. ಮೇಲೆ ಒಂದು ಚಮಚ ತುಪ್ಪವನ್ನು ಮನೆಯಿಂದಲೇ ಕಟ್ಟಿಕೊಡಬೇಕು.